ಒಂದು ವರ್ಷ ಹಾಳಾಯಿತೇ?

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ 'ಅಮೆರಿಕದಲ್ಲಿ ವ್ಯಾಸಂಗ ಮಾಡಿದವರು' ಎಂದು ಹಾಕಿದ್ದಾರೆ. ಓದಿದವರು ನಾನು ಅಲ್ಲಿಂದ ದೊಡ್ಡ ಪದವಿ ತಂದಿದ್ದೇನೆ ಎಂದುಕೊಳ್ಳಬಹುದು. ಹಾಗೇನಿಲ್ಲ. ನಾನು ಪಶುವೈದ್ಯ, ಪದವಿ ಪಡೆದದ್ದು ಹೆಬ್ಬಾಳದಲ್ಲಿ. ಅಮೆರಿಕದಲ್ಲಿ ನಾನು ಕಳೆದದ್ದು ಒಂದೇ ಒಂದು ಶಾಲಾ ವರ್ಷ. 1997ರ ಆಗಸ್ಟ್‌ನಿಂದ 1998ರ ಜೂನ್ ಕೊನೆಯವರೆಗೆ. ಆಗ ನನಗೆ ಹದಿನಾರು. ಬರುವಾಗ ತಂದ ಕಾಗದಗಳಲ್ಲಿ ಇಲ್ಲಿ ಉಪಯೋಗಕ್ಕೆ ಬಂದದ್ದು ಒಂದೂ ಇಲ್ಲ. ಅದಕ್ಕೇ ಆಲೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಎದುರಾದ ಮೊದಲ ಪರಿಚಯದವರು ಕೇಳಿದ್ದು, "ಅಲ್ಲ ಕಣಪ್ಪ, ಒಂದು ವರ್ಷ ಹಾಳಾಯ್ತಲ್ಲ?" ಅಂತ. ಅಮೆರಿಕ ಹೇಗಿತ್ತು ಎಂದು ಅವರು ಕೇಳಿದ್ದು ಆಮೇಲೆ. ಇವತ್ತಿಗೂ ನಾನು ಈ ವಿಷಯ ಎತ್ತಿದರೆ ತಂದೆ ತಾಯಂದಿರು ಮೊದಲು ಕೇಳುವುದು ಇದನ್ನೇ. ನ್ಯಾಯವಾದ ಪ್ರಶ್ನೆ. ಹಾಗಾಗಿ ಇವತ್ತು ಆ ಒಂದು ವರ್ಷದ ಲೆಕ್ಕವನ್ನೇ ನಿಮ್ಮ ಮುಂದೆ ಇಡುತ್ತೇನೆ. ಪ್ರವಾಸ ಕಥನ ಹೇಳುವುದಿಲ್ಲ. ಅದಕ್ಕೆ ನಮ್ಮ ಪಕ್ಕದ ಗೊರೂರರೇ ಇದ್ದಾರೆ. 'ಅಮೆರಿಕದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ನಮ್ಮ ಶಾಲೆಯ ಬೀರುವಿನಲ್ಲಿ ಅದರ ಒಂದು ಪ್ರತಿ ಇತ್ತು, ರಟ್ಟು ಕಿತ್ತುಹೋಗಿತ್ತು. ಹೊರಡುವ ಮುಂಚೆ ನಾನು ಅಮೆರಿಕದ ಬಗ್ಗೆ ಓದಿದ್ದ ಪುಸ್ತಕ ಅದೊಂದೇ.

ವಿದ್ಯಾರ್ಥಿ ವಿನಿಮಯ ಎಂದರೆ ಏನು ಎಂದು ಮಕ್ಕಳಿಗೆ ಮೊದಲು ಹೇಳಬೇಕು. ಒಂದು ದೇಶದ ಹೈಸ್ಕೂಲು ಹುಡುಗ ಅಥವಾ ಹುಡುಗಿ ಇನ್ನೊಂದು ದೇಶದ ಒಂದು ಮನೆಯಲ್ಲಿ ಮನೆಮಗುವಿನ ಹಾಗೆ ಒಂದು ವರ್ಷ ಇರುವುದು, ಆ ಊರಿನ ಶಾಲೆಗೇ ಹೋಗುವುದು. ಇಟ್ಟುಕೊಂಡ ಮನೆಯವರು ಬಾಡಿಗೆ ತೆಗೆದುಕೊಳ್ಳುವುದಿಲ್ಲ, ಊಟದ ದುಡ್ಡೂ ಕೇಳುವುದಿಲ್ಲ. ಇದನ್ನು ನಡೆಸುವ ಹಳೆಯ ಸಂಸ್ಥೆಗಳಲ್ಲಿ ಎಎಫ್‌ಎಸ್ ಎನ್ನುವುದು ಒಂದು. ಅದರ ಹುಟ್ಟು ಸ್ವಾರಸ್ಯವಾಗಿದೆ. ಎರಡು ಮಹಾಯುದ್ಧಗಳಲ್ಲಿ ಗಾಯಾಳುಗಳನ್ನು ಸಾಗಿಸಿದ ಆಂಬುಲೆನ್ಸ್ ಚಾಲಕರ ಸಂಘ ಅದು. ಯುದ್ಧ ಮುಗಿದ ಮೇಲೆ ಅವರೇ ಕೂಡಿ, 1947ರಲ್ಲಿ, ಬೇರೆ ಬೇರೆ ದೇಶಗಳ ಹೈಸ್ಕೂಲು ಮಕ್ಕಳನ್ನು ಒಬ್ಬರ ಮನೆಯಲ್ಲಿ ಒಬ್ಬರು ಬೆಳೆಯುವಂತೆ ಕಳಿಸಲು ಶುರು ಮಾಡಿದರು. ರೋಟರಿ ಕ್ಲಬ್‌ಗಳು ನಡೆಸುವುದು ಇನ್ನೊಂದು ಕಾರ್ಯಕ್ರಮ. ನಾನು ಹೋದದ್ದು ಅದರಲ್ಲಿ.

ನನ್ನಂಥವನಿಗೆ ಅದು ಹೇಗೆ ಸಿಕ್ಕಿತು ಎಂಬುದನ್ನು ಮುಚ್ಚಿಡಬಾರದು. ನಮ್ಮಪ್ಪ ಕೆಂಚಮ್ಮನ ಹೊಸಕೋಟೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರು. ಸಾಹುಕಾರರು ರೋಟರಿಯಲ್ಲಿದ್ದರು. ಒಂದು ಸೀಟು ಬಂದಿತ್ತು. ಆದರೆ ಅವರ ಬಳಗದ ಮನೆಗಳಲ್ಲಿ ಆ ವರ್ಷ ಹತ್ತನೇ ತರಗತಿ ಮುಗಿಸುವ ಮಕ್ಕಳೆಲ್ಲ ಮುಂದೆ ಸಿಇಟಿ ಬರೆಯುವವರು. ಒಂದು ವರ್ಷ ಹಿಂದೆ ಬೀಳುತ್ತದೆಂದು ಯಾರೂ ಮುಂದೆ ಬರಲಿಲ್ಲ. ಅಂದರೆ, ವರ್ಷ ಹಾಳಾಗುತ್ತದೆ ಎಂಬ ಭಯ ದೊಡ್ಡ ಮನೆಗಳಲ್ಲೂ ಇತ್ತು, ಆ ಭಯದಿಂದಲೇ ಸೀಟು ಜಾರಿ ಕೆಳಗೆ ನನ್ನವರೆಗೆ ಬಂತು. ಸಾಹುಕಾರರು ನಮ್ಮ ಆಗಿನ ಮುಖ್ಯೋಪಾಧ್ಯಾಯರನ್ನು ಕೇಳಿದರು. ಅವರು ನನ್ನ ಹೆಸರು ಹೇಳಿದರು. ಯಾಕೆ ನನ್ನದೇ ಹೇಳಿದರೋ, ಅವರು ಇದ್ದಾಗ ಕೇಳಲಿಲ್ಲ. ಇಂಗ್ಲಿಷ್ ಮೇಷ್ಟ್ರು ಎರಡು ರಾತ್ರಿ ಸೀಮೆಎಣ್ಣೆ ದೀಪ ಹಚ್ಚಿಕೊಂಡು ಕೂತು ಅರ್ಜಿ ತುಂಬಿಸಿದರು. 'ನಿನ್ನ ಹವ್ಯಾಸಗಳೇನು' ಎಂಬ ಕಾಲಂ ಮುಂದೆ ನಾವಿಬ್ಬರೂ ಬಹಳ ಹೊತ್ತು ಕುಳಿತಿದ್ದೆವು. ಕೊನೆಗೆ 'ದನ ಮೇಯಿಸುವುದು, ಈಜುವುದು' ಎಂದು ಬರೆದೆವು. ಬಹುಶಃ ಅದಕ್ಕೇ ನನ್ನನ್ನು ದನದ ಮನೆಗೆ ಹಾಕಿದರು.

ಖರ್ಚಿನ ವಿಚಾರ. ಅಲ್ಲಿನ ಶಾಲೆ, ಊಟ, ವಸತಿ, ತಿಂಗಳ ಕೈಖರ್ಚು ಎಲ್ಲ ಅಲ್ಲಿಯವರದು. ವಿಮಾನದ ಟಿಕೆಟ್ಟು ಮತ್ತು ವಿಮೆ ನಮ್ಮದು. ಆಗ ಡಾಲರಿಗೆ 36 ರೂಪಾಯಿ ಇತ್ತು. ಟಿಕೆಟ್ಟಿನ ಬೆಲೆ ಅಪ್ಪನ ಒಂದು ವರ್ಷದ ಸಂಬಳಕ್ಕಿಂತ ಜಾಸ್ತಿ. ಸಾಹುಕಾರರೂ ಅವರ ಇಬ್ಬರು ಸ್ನೇಹಿತರೂ ಸೇರಿ ಅದನ್ನು ಕೊಟ್ಟರು. ಈ ದುಡ್ಡಿನ ಮೂಲ ಎಲ್ಲಿಯದು ಎಂದು ನನಗೆ ಗೊತ್ತಾದದ್ದು ಅಮೆರಿಕದಲ್ಲಿ. ಅದನ್ನು ಮುಂದೆ ಹೇಳುತ್ತೇನೆ.

ಸ್ವಾತಂತ್ರ್ಯದ ಐವತ್ತನೇ ವರ್ಷದ ಧ್ವಜಾರೋಹಣ ಇದೇ ಮೈದಾನದಲ್ಲಿ ನೋಡಿ, ಲಾಡು ತಿಂದು, ಮೂರನೇ ದಿನ ಹೊರಟೆ. ಪೆಟ್ಟಿಗೆಯಲ್ಲಿ ಎರಡು ಸೇರು ರಾಗಿಹಿಟ್ಟು, ಸಾರಿನ ಪುಡಿ, ಅಜ್ಜಿ ಹೊಲಿದ ಕೌದಿ. ನಿಯಮ ನಾಲ್ಕು ಹೇಳಿ ಕಳಿಸಿದ್ದರು: ವಾಹನ ಓಡಿಸಬಾರದು, ಕುಡಿಯಬಾರದು, ಮಾದಕ ವಸ್ತು ಮುಟ್ಟಬಾರದು, ಪ್ರೀತಿ ಪ್ರೇಮ ಎಂದು ಹೋಗಬಾರದು. ಇಂಗ್ಲಿಷಿನಲ್ಲಿ ನಾಲ್ಕೂ 'ಡಿ' ಅಕ್ಷರದಿಂದ ಶುರುವಾಗುವುದರಿಂದ ಅದಕ್ಕೆ 'ಫೋರ್ ಡೀಸ್' ಎನ್ನುತ್ತಾರೆ. ಅವ್ವ ಐದನೆಯದನ್ನು ಸೇರಿಸಿದಳು, ಒದ್ದೆ ತಲೆಯಲ್ಲಿ ಮಲಗಬೇಡ ಅಂತ.

ನಾನು ಹೋದದ್ದು ವಿಸ್ಕಾನ್ಸಿನ್ ರಾಜ್ಯಕ್ಕೆ. ಹಾಲು ಮತ್ತು ಚೀಸ್‌ಗೆ ಹೆಸರಾದ ರಾಜ್ಯ. ಅದರ ನೈಋತ್ಯ ಭಾಗ ಗುಡ್ಡಗಾಡು. ಸುತ್ತಲಿನ ನೆಲವನ್ನೆಲ್ಲ ಹಿಮನದಿಗಳು ಉಜ್ಜಿ ಮಟ್ಟ ಮಾಡಿದಾಗ ಅಷ್ಟು ಭಾಗ ಮಾತ್ರ ತಪ್ಪಿಸಿಕೊಂಡು ಗುಡ್ಡವಾಗಿಯೇ ಉಳಿಯಿತು ಎಂದು ಅಲ್ಲಿಯ ಮೇಷ್ಟ್ರು ಹೇಳಿದರು. ನೋಡಲು ಮಗ್ಗೆ ದಾಟಿದ ಮೇಲೆ ಬರುವ ಇಳಿಜಾರುಗಳ ಹಾಗೆ. ಕಾಫಿ ಗಿಡ ಇಲ್ಲ, ಬೆಳ್ಳಿಓಕ್ ಇಲ್ಲ, ಅಷ್ಟೇ. ರೋಟರಿಯ ಪದ್ಧತಿಯಂತೆ ವರ್ಷದಲ್ಲಿ ಮೂರು ಮನೆ ಬದಲಾದವು. ಮೊದಲನೆಯದು ಅರವತ್ತು ಹಸುಗಳ ಡೈರಿ. ಅಲ್ಲಿ ಅದು ಸಣ್ಣ ಹಿಡುವಳಿ. ಗಂಡ, ಹೆಂಡತಿ, ನನ್ನ ವಯಸ್ಸಿನ ಮಗ. ಆಳು ಒಬ್ಬರೂ ಇಲ್ಲ. ಬೆಳಿಗ್ಗೆ ಐದಕ್ಕೆ ಒಂದು ಸಲ, ಸಂಜೆ ಐದಕ್ಕೆ ಒಂದು ಸಲ ಮೆಷಿನ್ನಿನಲ್ಲಿ ಹಾಲು ಕರೆಯಬೇಕು. ಹಬ್ಬ ಇಲ್ಲ, ಭಾನುವಾರ ಇಲ್ಲ.

ಎರಡು ದಿನ ನನ್ನನ್ನು ನೆಂಟನ ಹಾಗೆ ನೋಡಿಕೊಂಡರು. ಮೂರನೇ ದಿನ ಬೆಳಿಗ್ಗೆ ಆ ಮನೆಯಪ್ಪ ಬಾಗಿಲಲ್ಲಿ ಒಂದು ಜೊತೆ ರಬ್ಬರ್ ಬೂಟು ಇಟ್ಟರು. ಏನೂ ಹೇಳಲಿಲ್ಲ. ನಾನು ಹಾಕಿಕೊಂಡು ಕೊಟ್ಟಿಗೆಗೆ ಹೋದೆ. ನಮ್ಮ ಮನೆಯಲ್ಲಿ ಎರಡು ಮಲೆನಾಡು ಗಿಡ್ಡ ಇದ್ದವು. ಎರಡೂ ಸೇರಿ ಕೊಟ್ಟರೆ ಮೂರು ನಾಲ್ಕು ಲೀಟರು. ಸಗಣಿ ಬಾಚುವುದು ಅವ್ವನ ಕೆಲಸ, ನಾನೂ ಅಪ್ಪನೂ ಅದನ್ನು ಮುಟ್ಟಿದವರಲ್ಲ. ಅಲ್ಲಿ ಒಂದೊಂದು ಹಸು ದಿನಕ್ಕೆ ಮೂವತ್ತು ಲೀಟರು ಕೊಡುವಂಥದ್ದು, ಅದರ ಸಗಣಿಯನ್ನು ಮನೆಯ ಯಜಮಾನನೇ ಬಾಚುತ್ತಿದ್ದರು, ಜೊತೆಗೆ ನಾನು. ಆ ಬೂಟು ಹಾಕಿಕೊಂಡ ಮೇಲೆ ನನಗೆ ಆ ಮನೆಯಲ್ಲಿ ಸಂಕೋಚ ಹೋಯಿತು. ಫ್ರಿಜ್ಜಿನ ಬಾಗಿಲನ್ನು ಕೇಳದೆ ತೆಗೆಯುವ ಧೈರ್ಯ ಬಂತು. ನೆಂಟನಾಗಿಯೇ ಉಳಿದಿದ್ದರೆ ಹತ್ತು ತಿಂಗಳು ಖಂಡಿತ ಇರುತ್ತಿರಲಿಲ್ಲ.

ಭಾಷೆಯದು ಬೇರೆಯೇ ಕಷ್ಟ. ನಮ್ಮ ಮೇಷ್ಟ್ರು ಕಲಿಸಿದ ಇಂಗ್ಲಿಷ್ ಬರೆಯುವುದಕ್ಕೆ ಚೆನ್ನಾಗಿಯೇ ಬಂತು, ವ್ಯಾಕರಣದಲ್ಲಿ ನನಗೆ ಅಲ್ಲಿಯ ಹುಡುಗರಿಗಿಂತ ಹೆಚ್ಚು ಅಂಕ. ಆದರೆ ಕಿವಿಗೆ ಅವರ ಮಾತು ಹತ್ತುತ್ತಿರಲಿಲ್ಲ. ಮೊದಲ ಆರು ವಾರ ಸಂಜೆಯಾದರೆ ತಲೆ ಕಲ್ಲಿನ ಹಾಗೆ ಭಾರ. ಇಡೀ ದಿನ ಕೇಳಿ ಕೇಳಿ ದಣಿವು. ಹಸುಗಳ ಹತ್ತಿರ ಕನ್ನಡದಲ್ಲಿ ಮಾತಾಡುತ್ತಿದ್ದೆ. ಆ ಮನೆಯ ಹುಡುಗ 'ಬಾ', 'ಹೋಗು', 'ಸರಿ ನಿಲ್ಲು' ಎಂಬ ಮೂರು ಮಾತು ನನ್ನಿಂದ ಕಲಿತು ಹಸುಗಳ ಮೇಲೆ ಪ್ರಯೋಗಿಸಿದ. ಅವು ಅವನ ಮಾತನ್ನೂ ಕೇಳಲಿಲ್ಲ.

ಒಂದು ಭಾನುವಾರ ಮುದ್ದೆ ಮಾಡಿದೆ. ಕೋಳಿ ಸಾರು. ಅಗಿಯಬೇಡಿ, ನುಂಗಿ ಎಂದು ಎಷ್ಟು ಹೇಳಿದರೂ ಮೂರೂ ಜನ ಅಗಿದರು. ಹಲ್ಲಿಗೆ ಅಂಟಿಕೊಂಡು ಮಾತೇ ನಿಂತುಹೋಯಿತು. ರಾಗಿ ಮುಗಿದ ಮೇಲೆ ಅಲ್ಲಿ ಸಿಗುವ ಮೆಕ್ಕೆಜೋಳದ ಹಿಟ್ಟಿನಲ್ಲಿ ಮುದ್ದೆ ಕಟ್ಟಿದೆ. ಪರವಾಗಿಲ್ಲ, ಹೊಟ್ಟೆ ಮೋಸ ಹೋಗುತ್ತದೆ.

ಶಾಲೆಯ ವಿಷಯಕ್ಕೆ ಬರುತ್ತೇನೆ. ಹಳದಿ ಬಸ್ಸು ಮನೆ ಬಾಗಿಲಿಗೆ ಬರುತ್ತಿತ್ತು, ಉಚಿತ. ಇಲ್ಲಿ ಎಸ್ಟೇಟಿನಿಂದ ಶಾಲೆಗೆ ಐದು ಕಿಲೋಮೀಟರು ನಡೆದ ನನಗೆ ಅದೇ ದೊಡ್ಡ ಸೌಭಾಗ್ಯ. ಈಗ ನಮ್ಮ ಕಡೆ ಆನೆಗಳ ಕಾಟದಿಂದ ಮಕ್ಕಳು ಒಬ್ಬೊಬ್ಬರೇ ನಡೆದು ಬರುವ ಹಾಗೇ ಇಲ್ಲ, 2014ರಲ್ಲಿ ಆಲೂರು ಸಕಲೇಶಪುರ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದ ಮೇಲೂ ಅವು ಕಡಿಮೆಯಾಗಿಲ್ಲ. ಹಾಗಾಗಿ ಆ ಹಳದಿ ಬಸ್ಸಿನ ನೆನಪು ನನಗೆ ಈಗಲೂ ಬರುತ್ತದೆ. ಗಣಿತದಲ್ಲಿ ನಾನು ಮುಂದಿದ್ದೆ. ನಮ್ಮ ಗಣಿತದ ಮೇಷ್ಟ್ರು ಇಲ್ಲೇ ಇದ್ದಾರೆ, ಅವರಿಗೆ ಹೇಳಬೇಕು. ಬೋರ್ಡಿನ ಮೇಲೆ ನಾನು ಲೆಕ್ಕ ಬಿಡಿಸಿದಾಗ ಆ ತರಗತಿ ಚಪ್ಪಾಳೆ ಹೊಡೆದಿತ್ತು. ಆದರೆ ಒಂದು ಪಾಠ ನಮ್ಮಲ್ಲಿ ಇರಲಿಲ್ಲ, ಈಗಲೂ ಇಲ್ಲ. ಆ ಹೈಸ್ಕೂಲಿನಲ್ಲಿ ವ್ಯವಸಾಯ ಒಂದು ವಿಷಯ. ಹಸುವನ್ನು ನೋಡಿ ಅದರ ಕೆಚ್ಚಲು, ಬೆನ್ನು, ಕಾಲಿನ ಗುಣ ಹೇಳುವುದಕ್ಕೆ ಸ್ಪರ್ಧೆ ಇತ್ತು. ಅದರಲ್ಲಿರುವ ಮಕ್ಕಳು ನೀಲಿ ಕಾರ್ಡುರಾಯ್ ಕೋಟು ಹಾಕಿಕೊಂಡು ಹೆಮ್ಮೆಯಿಂದ ಓಡಾಡುತ್ತಿದ್ದರು. ಎಫ್‌ಎಫ್‌ಎ ಎಂದು ಅವರ ಸಂಘದ ಹೆಸರು. ಕಾಫಿ, ಭತ್ತ, ಶುಂಠಿ, ಮೆಣಸು ಬೆಳೆಯುವ ತಾಲ್ಲೂಕಿನ ಶಾಲೆಯಲ್ಲಿ ಒಂದು ಕಾಫಿ ಗಿಡದ ಕಸಿ ಹೇಗೆ ಮಾಡಬೇಕೆಂದು ಒಂದು ಪೀರಿಯಡ್ಡೂ ಇಲ್ಲದಿರುವುದು ನನಗೆ ಸರಿ ಕಾಣುವುದಿಲ್ಲ. ವೇದಿಕೆ ಮೇಲೆ ಇಲಾಖೆಯವರು ಇರುವುದರಿಂದ ಹೇಳಿದೆ.

ನವೆಂಬರ್‌ನಲ್ಲಿ ಜಿಂಕೆ ಬೇಟೆಗೆ ಒಂಬತ್ತು ದಿನ ಕಾನೂನಿನ ಅನುಮತಿ. ತರಗತಿ ಅರ್ಧ ಖಾಲಿ. ಎಲ್ಲರೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡು ಕೋವಿ ಹಿಡಿದು ಕಾಡಿಗೆ. ನನ್ನನ್ನು ಕರೆದರು, ನಾನು ಹೋಗಲಿಲ್ಲ. ಚಳಿಯ ಬಗ್ಗೆ ಎಲ್ಲರೂ ಹೆದರಿಸಿದ್ದರು. ಆ ವರ್ಷ ಎಲ್ ನಿನೋ ಇದ್ದದ್ದರಿಂದ ಚಳಿ ಬಹಳ ಕಡಿಮೆ ಎಂದು ಅವರೇ ಹೇಳಿದರು. ಕಡಿಮೆ ಎಂದರೂ ಮೂಗಿನೊಳಗಿನ ಕೂದಲು ಸೆಟೆದುಕೊಳ್ಳುತ್ತಿತ್ತು.

ಈಗ ಆ ಟಿಕೆಟ್ಟಿನ ದುಡ್ಡಿನ ಕಥೆ. ಸುತ್ತಮುತ್ತಲಿನ ಊರುಗಳಲ್ಲಿದ್ದ ವಿನಿಮಯ ವಿದ್ಯಾರ್ಥಿಗಳನ್ನೆಲ್ಲ ಆಗಾಗ ಒಂದು ಕಡೆ ಸೇರಿಸುತ್ತಿದ್ದರು. ಎಲ್ಲರಿಗೂ ನೀಲಿ ಬ್ಲೇಜರ್ ಇರುತ್ತದೆ, ಒಬ್ಬರ ದೇಶದ ಬಿಲ್ಲೆಯನ್ನು ಇನ್ನೊಬ್ಬರಿಗೆ ಕೊಟ್ಟು ಕೋಟಿನ ತುಂಬ ಚುಚ್ಚಿಕೊಳ್ಳುವುದು ರೂಢಿ. ಜನವರಿಯಲ್ಲಿ ಸೇರಿದಾಗ ಬ್ರೆಜಿಲ್ಲಿನ ಮಿನಾಸ್ ಜೆರಾಯಿಸ್ ರಾಜ್ಯದ ಒಬ್ಬ ಹುಡುಗಿ ಪರಿಚಯವಾದಳು. ಅವಳ ತಂದೆ ಕಾಫಿ ಬೆಳೆಗಾರರು. ನಮ್ಮ ಕಡೆಯೂ ಕಾಫಿ ಎಂದೆ. ಅವಳಿಗೆ ಇಂಡಿಯಾದಲ್ಲಿ ಕಾಫಿ ಬೆಳೆಯುತ್ತದೆ ಎಂದೇ ಗೊತ್ತಿರಲಿಲ್ಲ. ಮಾತಾಡುತ್ತಾ ಅವಳು 1994ರ ವಿಷಯ ಹೇಳಿದಳು. ಭೂಮಧ್ಯರೇಖೆಯ ಆ ಕಡೆ ಜೂನ್ ಜುಲೈ ಎಂದರೆ ಚಳಿಗಾಲ. ಆ ವರ್ಷ ಜೂನ್ ಕೊನೆಯಲ್ಲಿ ಒಂದು ಸಲ, ಜುಲೈನಲ್ಲಿ ಇನ್ನೊಂದು ಸಲ ಹಿಮ ಕವಿದು ಗಿಡಗಳೆಲ್ಲ ಬೆಂಕಿ ತಗಲಿದ ಹಾಗೆ ಕಪ್ಪಾದವಂತೆ. ಬೆಳಿಗ್ಗೆ ಎದ್ದು ಅವರಪ್ಪ ತೋಟಕ್ಕೆ ಹೋದವರು ಮಧ್ಯಾಹ್ನದವರೆಗೆ ಒಳಗೆ ಬರಲಿಲ್ಲವಂತೆ.

ನಾನು ಸುಮ್ಮನೆ ಕೇಳುತ್ತಿದ್ದೆ. 1994 ನನಗೂ ನೆನಪಿತ್ತು. ಇಲ್ಲಿರುವ ಹಿರಿಯರಿಗೆಲ್ಲ ನೆನಪಿದೆ. ಬ್ರೆಜಿಲ್ಲಿನಲ್ಲಿ ಫ್ರಾಸ್ಟ್ ಬಿತ್ತು ಎಂದು ರೇಡಿಯೋದಲ್ಲಿ ಬಂದ ಮೇಲೆ ಪ್ರಪಂಚದ ಕಾಫಿ ಬೆಲೆ ಎರಡು ಪಟ್ಟಿಗೂ ಮೀರಿ ಏರಿತು. ಅಷ್ಟು ಹೊತ್ತಿಗೆ ಕಾಫಿ ಬೋರ್ಡಿನ ಪೂಲಿಂಗ್ ಸಡಿಲವಾಗಿ ಬೆಳೆಗಾರರು ತಾವೇ ಮಾರಬಹುದು ಎಂದು ಆಗಿತ್ತು. ಸಕಲೇಶಪುರದ ರಸ್ತೆಗಳಲ್ಲಿ ಹೊಸ ಜೀಪು, ಹೊಸ ಕಾರು. ನಮ್ಮ ಸಾಹುಕಾರರು ಮನೆಗೆ ಹೊಸ ಹೆಂಚು ಹೊದಿಸಿದರು, ಅಪ್ಪನಿಗೆ ಬೋನಸ್ ಕೊಟ್ಟರು, ಎಸ್ಟೇಟಿನಲ್ಲಿ ಎಲ್ಲರಿಗೂ ಊಟ ಹಾಕಿಸಿದರು. ನಾನೂ ಹೋಳಿಗೆ ತಿಂದಿದ್ದೆ. ಮೂರು ವರ್ಷದ ಮೇಲೆ ರೈಟರ ಮಗನಿಗೆ ವಿಮಾನದ ಟಿಕೆಟ್ ಕೊಡಿಸುವಷ್ಟು ಕೈ ಸಡಿಲವಾಗಿದ್ದದ್ದು ಎಲ್ಲಿಂದ ಎಂದು ನನಗೆ ಆಗ ಹೊಳೆಯಿತು. ಅವಳ ತಂದೆಯ ಗಿಡ ಕಪ್ಪಾದದ್ದಕ್ಕೆ ನಾನು ಅವಳ ಮುಂದೆ ಕುಳಿತಿದ್ದೆ. ಇದನ್ನು ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಅವಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ನೋಡಿ, ಕೋಟಿನಿಂದ ಕಾಫಿ ಕೊಂಬೆಯ ಚಿತ್ರ ಇದ್ದ ಒಂದು ಬಿಲ್ಲೆ ತೆಗೆದು ಕೊಟ್ಟಳು. ಅದು ಇವತ್ತು ನನ್ನ ಜೇಬಿನಲ್ಲಿದೆ, ಮಕ್ಕಳು ಆಮೇಲೆ ನೋಡಬಹುದು. ಅವತ್ತಿನಿಂದ ಈಚೆಗೆ ಕಾಫಿ ರೇಟು ಏರಿದ ಸುದ್ದಿ ಓದಿದಾಗಲೆಲ್ಲ, ಎಲ್ಲೋ ಯಾರ ತೋಟವೋ ಹೋಗಿದೆ ಎಂದು ಮೊದಲು ಅನ್ನಿಸುತ್ತದೆ.

ಲೆಕ್ಕ ಎಂದ ಮೇಲೆ ಕಳೆದದ್ದನ್ನೂ ಹೇಳಬೇಕು. ಫೆಬ್ರವರಿಯಲ್ಲಿ ನಮ್ಮ ಅಜ್ಜಿ ತೀರಿಕೊಂಡರು. ನನ್ನನ್ನು ಸಾಕಿದವರು ಅವರೇ. ಮನೆಯಲ್ಲಿ ಫೋನಿರಲಿಲ್ಲ. ಐಎಸ್‌ಡಿ ಬೂತಿನಿಂದ ಒಂದು ನಿಮಿಷ ಮಾತಾಡಿದರೆ ಅಪ್ಪನ ಒಂದು ದಿನದ ಸಂಬಳ. ಅದಕ್ಕಿಂತ, ಹೇಳಿದರೂ ಹುಡುಗ ಬರುವ ಹಾಗಿಲ್ಲ, ಅಲ್ಲಿ ಒಬ್ಬನೇ ಅಳುತ್ತಾನೆ ಎಂದು ಅಪ್ಪ ಅವ್ವ ಮಾತಾಡಿಕೊಂಡು, ತಿಥಿ ಎಲ್ಲ ಮುಗಿದ ಮೇಲೆ ತಂಗಿಯ ಕೈಯಲ್ಲಿ ಏರೋಗ್ರಾಂ ಬರೆಸಿದರು. ಆ ನೀಲಿ ಕಾಗದ ನನ್ನ ಕೈಗೆ ಬಂದದ್ದು ಮಾರ್ಚಿಯಲ್ಲಿ. ಮಡಿಕೆ ಬಿಚ್ಚಿದರೆ ಮೊದಲು ಕಾಫಿ ಕೊಯ್ಲು ಮುಗಿದದ್ದು, ಕರು ಹಾಕಿದ್ದು, ಕೊನೆಯ ಎರಡು ಸಾಲಿನಲ್ಲಿ ಅಜ್ಜಿ.

ಆಗ ನಾನು ಎರಡನೆಯ ಮನೆಯಲ್ಲಿದ್ದೆ. ಆ ಮನೆಯಮ್ಮ ಆಸ್ಪತ್ರೆಯಲ್ಲಿ ನರ್ಸು. ರಾತ್ರಿ ಪಾಳಿ ಮುಗಿಸಿ ಬಂದವರು ನನ್ನ ಮುಖ ನೋಡಿ ಕಾಗದದಲ್ಲಿ ಏನಿದೆ ಎಂದು ಕೇಳಿದರು. ನಿಮ್ಮಲ್ಲಿ ಇಂಥ ಹೊತ್ತಿಗೆ ಏನು ಮಾಡುತ್ತೀರಿ ಎಂದರು. ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುತ್ತೇವೆ ಎಂದೆ. ಅವರಿಗೆ ಏನಿಷ್ಟ? ಕಡುಬು ಎಂದೆ. ನಮ್ಮ ಮಲೆನಾಡಿನ ಅಕ್ಕಿ ಕಡುಬು. ಅವರು ನಿದ್ದೆ ಮಾಡಲು ಹೋಗಲಿಲ್ಲ. ಅಕ್ಕಿಯನ್ನು ಕಾಫಿ ಬೀಜ ಪುಡಿ ಮಾಡುವ ಮೆಷಿನ್ನಿಗೆ ಹಾಕಿ ತರಿ ಮಾಡಿದೆವು. ಬೇಯಿಸಿ, ಉಂಡೆ ಕಟ್ಟಿ, ತರಕಾರಿ ಬೇಯಿಸುವ ಜಾಲರಿಯಲ್ಲಿ ಹಬೆಗೆ ಇಟ್ಟೆವು. ಕಾಫಿ ವಾಸನೆಯ ಕಡುಬು. ಹಿಂದಿನ ಬಾಗಿಲ ಮೆಟ್ಟಿಲ ಮೇಲೆ, ಹಿಮ ಕರಗುತ್ತಿದ್ದ ಜಾಗದಲ್ಲಿ, ಒಂದು ತಟ್ಟೆಯಲ್ಲಿ ಇಟ್ಟೆ. ಕಾಗೆ ಬರಬೇಕು ಎಂದು ಹೇಳಿದ್ದೆ. ಅವರೂ ಕಿಟಕಿಯಲ್ಲಿ ನಿಂತು ಕಾದರು. ಕಾಗೆ ಬರಲಿಲ್ಲ. ಅಳಿಲು ಬಂದು ಒಂದು ಕಡುಬು ಎತ್ತಿಕೊಂಡು ಹೋಯಿತು. ನಡೆಯುತ್ತಾ ಎಂದು ಅವರು ಕೇಳಿದರು. ನಡೆಯುತ್ತೆ ಎಂದೆ. ಅಜ್ಜಿಯ ಮುಖ ಕೊನೆಗೆ ನೋಡಲಿಲ್ಲ ಎಂಬುದು ಆ ವರ್ಷದ ಖರ್ಚಿನ ಬಾಬ್ತು. ಅದನ್ನು ಯಾವ ಜಮೆಯೂ ಸರಿದೂಗಿಸುವುದಿಲ್ಲ. ಮಗುವನ್ನು ಕಳಿಸುವವರು ಇದನ್ನು ತಿಳಿದೇ ಕಳಿಸಬೇಕು.

ಮೇ 11ರಂದು ಪೋಖ್ರಾನ್. ನಾನು ಮೂರನೆಯ ಮನೆಯಲ್ಲಿದ್ದೆ, ವಯಸ್ಸಾದ ದಂಪತಿಗಳು. ಮರುದಿನ ಸಮಾಜ ಪಾಠದ ಮೇಷ್ಟ್ರು, ನಮ್ಮ ತರಗತಿಯಲ್ಲೇ ಒಬ್ಬ ಭಾರತೀಯ ಇದ್ದಾನೆ, ಅವನೇ ಹೇಳಲಿ ಎಂದು ನನ್ನನ್ನು ಎಬ್ಬಿಸಿದರು. ಒಬ್ಬ ಹುಡುಗ, ಯಾರ ಮೇಲೆ ಹಾಕುತ್ತೀರಿ ಎಂದು ನೇರವಾಗಿ ಕೇಳಿದ. ಹೋದ ವರ್ಷ ಏಪ್ರಿಲ್ ತನಕ ನಮ್ಮ ಹಾಸನ ಜಿಲ್ಲೆಯವರೇ ಪ್ರಧಾನಿಯಾಗಿದ್ದರು, ಈಗಿನವರು ನನ್ನನ್ನು ಕೇಳಿ ಮಾಡಲಿಲ್ಲ ಎಂದೆ. ಎಲ್ಲರೂ ನಕ್ಕರು. ಆದರೆ ನಗು ಮುಗಿದ ಮೇಲೂ ಅವರು ಕಾಯುತ್ತಿದ್ದರು. ನಾಳೆ ಹೇಳುತ್ತೇನೆ ಎಂದು ಸಮಯ ಕೇಳಿ ಲೈಬ್ರರಿಗೆ ಹೋದೆ. 1974ರ ಮೊದಲ ಪರೀಕ್ಷೆ, ಹಿರೋಷಿಮಾ, ಯಾವ ಯಾವ ದೇಶದ ಬಳಿ ಬಾಂಬ್ ಇದೆ ಎಲ್ಲ ಓದಿದೆ. ನನ್ನ ದೇಶದ ಬಗ್ಗೆ ಅಷ್ಟು ಗಮನ ಕೊಟ್ಟು ಓದಿದ್ದು ಅದೇ ಮೊದಲು. ಇಲ್ಲೇ ಇದ್ದಿದ್ದರೆ ಎಲ್ಲರ ಜೊತೆ ಪಟಾಕಿ ಹೊಡೆದು ಮರೆಯುತ್ತಿದ್ದೆ. ಮರುದಿನ ಹತ್ತು ನಿಮಿಷ ಮಾತಾಡಿದೆ. ಅಷ್ಟರಲ್ಲಿ ಅಮೆರಿಕ ನಮ್ಮ ಮೇಲೆ ಆರ್ಥಿಕ ನಿರ್ಬಂಧ ಹಾಕಿದ ಸುದ್ದಿ ಬಂದಿತ್ತು. ಆ ಮನೆಯ ಅಜ್ಜ ಯುದ್ಧ ಕಂಡವರು. ಪತ್ರಿಕೆ ಮಡಚಿಟ್ಟು, "ನಿಮ್ಮಮ್ಮನಿಗೆ ಫೋನ್ ಮಾಡು, ಹೆದರಿರುತ್ತಾರೆ" ಎಂದರು. ಎಸ್ಟೇಟ್ ಬಂಗಲೆಗೆ ಮಾಡಿದೆ, ಯಾರೋ ಓಡಿಹೋಗಿ ಅವ್ವನನ್ನು ಕರೆತಂದರು. ಅವ್ವ, "ಯಾವ ಬಾಂಬು? ಇಲ್ಲಿ ಕೃತ್ತಿಕೆ ಮಳೆ, ಮೂರು ದಿನದಿಂದ ಕರೆಂಟಿಲ್ಲ. ನೀನು ಉಂಡೆಯಾ?" ಎಂದಳು.

ಹಿಂದಕ್ಕೆ ಬಂದೆ. ಡಾಲರು ಆಗ 42 ರೂಪಾಯಿಗೆ ಏರಿತ್ತು. ಕಾಲೇಜೊಂದರಲ್ಲಿ ನನ್ನ ಅಮೆರಿಕದ ಅಂಕಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಯಾವ ಬೋರ್ಡಪ್ಪ ಎಂದು ವಾಪಸು ಕೊಟ್ಟರು. ಮೊದಲ ಪಿಯುಸಿಗೆ ಸೇರಿದೆ. ನನ್ನ ಗೆಳೆಯರು ಎರಡನೇ ಪಿಯುಸಿ. ಅವರಲ್ಲಿ ಒಬ್ಬ ನಾನು ಓದಿದ ಕಾಲೇಜಿಗೇ ಒಂದು ವರ್ಷ ಮುಂಚೆ ಸೇರಿದ, ಇಲಾಖೆಗೂ ನನಗಿಂತ ಮೊದಲು ಸೇರಿದ, ಇವತ್ತಿಗೂ ಜ್ಯೇಷ್ಠತಾ ಪಟ್ಟಿಯಲ್ಲಿ ನನಗಿಂತ ಮೇಲಿದ್ದಾನೆ. ಇಲ್ಲೇ ನಾಲ್ಕನೇ ಸಾಲಿನಲ್ಲಿ ಕುಳಿತು ನಗುತ್ತಿದ್ದಾನೆ. ಆ ಲೆಕ್ಕದಲ್ಲಿ ನೋಡಿದರೆ, ಹೌದು, ಒಂದು ವರ್ಷ ಹೋಯಿತು. ಹೋಗಿಲ್ಲ ಎಂದು ನಾನು ವಾದ ಮಾಡುವುದಿಲ್ಲ. ನಾನು ಪಶುವೈದ್ಯನಾದದ್ದು ಆ ಅರವತ್ತು ಹಸುಗಳಿಂದ ಎಂದೂ ಹೇಳುವುದಿಲ್ಲ, ಸಿಇಟಿ ರ್‍ಯಾಂಕಿಗೆ ಸಿಕ್ಕಿದ್ದು ಅದು. ಬಂದ ಮರುದಿನ ಬೆಳಿಗ್ಗೆ ನಾನು ಕೊಟ್ಟಿಗೆಗೆ ಹೋಗಿ ಮಂಕರಿ ತೆಗೆದುಕೊಂಡು ಸಗಣಿ ಬಾಚತೊಡಗಿದಾಗ ಅವ್ವ ಗಾಬರಿಯಾಗಿ ಕಿತ್ತುಕೊಂಡಳು. ನಾಲ್ಕು ದಿನ ಜಗಳವಾಡಿ ಆಮೇಲೆ ಬಿಟ್ಟಳು. ಅಪ್ಪ ಕೊನೆಯವರೆಗೂ ಮುಟ್ಟಲಿಲ್ಲ, ಆ ಮಾತು ಬೇರೆ.

ಇನ್ನೊಂದು ವಿಷಯ ನಾನು ಇಲ್ಲದಾಗ ಇಲ್ಲಿ ನಡೆದದ್ದು. ವಿನಿಮಯ ಎಂದರೆ ಒಬ್ಬ ಹೋದರೆ ಒಬ್ಬ ಬರಬೇಕು. ಓಹಿಯೋ ರಾಜ್ಯದ ಒಬ್ಬ ಹುಡುಗ ಹಾಸನ, ಸಕಲೇಶಪುರದ ಮನೆಗಳಲ್ಲಿ ಇದ್ದ. ನಮ್ಮದು ಎಸ್ಟೇಟಿನ ಎರಡು ಕೋಣೆಯ ಮನೆ, ನಮ್ಮನ್ನು ಯಾರೂ ಕೇಳಿರಲಿಲ್ಲ. ಅವ್ವ ತಾನೇ ಬಂಗಲೆಗೆ ಹೋಗಿ, ನನ್ನ ಮಗ ಅವರ ದೇಶದಲ್ಲಿ ಉಣ್ಣುತ್ತಿದ್ದಾನೆ, ಅವರ ಹುಡುಗ ನಮ್ಮ ಮನೆಯಲ್ಲೂ ಉಣ್ಣಬೇಕು ಎಂದು ಸಾಹುಕಾರರ ಹೆಂಡತಿಗೆ ಹೇಳಿದಳು. ಹತ್ತು ದಿನ ಆ ಹುಡುಗ ನಮ್ಮ ಮನೆಯಲ್ಲಿದ್ದ. ಬಚ್ಚಲ ಒಲೆಯ ಮುಂದೆ ಕೂತು ಹಂಡೆಗೆ ಉರಿ ಹಾಕುವುದು ಅವನಿಗೆ ಬಹಳ ಇಷ್ಟವಾಯಿತಂತೆ. ಅಜ್ಜಿ ಆಗ ಇದ್ದರು, ಅವನಿಗೆ ಎಲೆ ಅಡಿಕೆ ಮಡಚಿ ಕೊಟ್ಟಿದ್ದರು. ಅವನಿಗೂ ಅಜ್ಜಿಗೂ ಒಂದು ಮಾತೂ ಬರುತ್ತಿರಲಿಲ್ಲ, ಸಂಜೆಯೆಲ್ಲ ಜಗಲಿಯ ಮೇಲೆ ಜೊತೆಗೆ ಕುಳಿತಿರುತ್ತಿದ್ದರಂತೆ. ಅಜ್ಜಿಯ ಕೊನೆಯ ಫೋಟೋ ನಮ್ಮ ಹತ್ತಿರ ಇರುವುದು ಅವನು ತೆಗೆದದ್ದೇ.

ಈಗ ಮಕ್ಕಳಿಗೂ ಪೋಷಕರಿಗೂ ಕೆಲಸಕ್ಕೆ ಬರುವ ನಾಲ್ಕು ಮಾತು. ಹೋಗುವುದಾದರೆ ಎಸ್ಸೆಸ್ಸೆಲ್ಸಿ ಮುಗಿಸಿ, ಅಂಕಪಟ್ಟಿ, ಟಿ.ಸಿ. ಕೈಯಲ್ಲಿ ಇಟ್ಟುಕೊಂಡು, ಪಿಯುಸಿಗೆ ಸೇರುವ ಮುಂಚೆ ಹೋಗಿ. ನಡುವೆ ಹೋದರೆ ಹಾಜರಾತಿ ಕಡಿಮೆಯಾಗಿ ತೊಂದರೆ. ರೋಟರಿ, ಎಎಫ್‌ಎಸ್ ಅಲ್ಲದೆ, ಕೆನಡಿ ಲೂಗರ್ ಯೆಸ್ ಎಂಬ ವಿದ್ಯಾರ್ಥಿವೇತನ 2002ರಲ್ಲಿ ಅಮೆರಿಕ ಸರ್ಕಾರ ಶುರು ಮಾಡಿತು. ನ್ಯೂಯಾರ್ಕಿನ ಗೋಪುರಗಳ ಮೇಲಿನ ದಾಳಿಯ ಮರುವರ್ಷ. ಅದರಲ್ಲಿ ಭಾರತದ ಮಕ್ಕಳೂ ಹೋಗಿದ್ದಾರೆ, ಟಿಕೆಟ್ ಸಮೇತ ಖರ್ಚೆಲ್ಲ ಅವರದೇ. ನಿಯಮಗಳು ವರ್ಷ ವರ್ಷಕ್ಕೆ ಬದಲಾಗುತ್ತವೆ, ಅರ್ಜಿ ಹಾಕುವ ಮುಂಚೆ ವಿಚಾರಿಸಿ. ದುಡ್ಡು ಮೊದಲೇ ಕೇಳುವ ಏಜೆಂಟರ ಹತ್ತಿರ ಹೋಗಬೇಡಿ. ಅಲ್ಲೇ ಉಳಿದುಬಿಡಲು ದಾರಿ ಎಂದುಕೊಂಡವರು ಹೋಗಲೇಬೇಡಿ, ವರ್ಷ ಮುಗಿದ ಮೇಲೆ ವಾಪಸು ಬರಲೇಬೇಕೆಂಬುದು ಷರತ್ತು. ಮನೆಯಲ್ಲಿ ಜಗಳ ಎಂದು ತಪ್ಪಿಸಿಕೊಳ್ಳಲು ಹೋಗುವ ಮಗುವಿಗೂ ಇದು ಆಗಿಬರುವುದಿಲ್ಲ. ಮೂರು ಮನೆಗೆ ಹೊಂದಿಕೊಳ್ಳಬೇಕು, ಸುಲಭವಲ್ಲ.

ವಿಮಾನ ಹತ್ತದೆಯೂ ಇದು ಸಾಧ್ಯ. ನಮ್ಮ ಜಿಲ್ಲೆಯ ಮಾವಿನಕೆರೆ ನವೋದಯ ವಿದ್ಯಾಲಯ ನಿಮಗೆಲ್ಲ ಗೊತ್ತು. ನವೋದಯ ಶಾಲೆಗಳಲ್ಲಿ ಒಂಬತ್ತನೇ ತರಗತಿಯ ಶೇಕಡಾ 30ರಷ್ಟು ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳಿಸುವ ಪದ್ಧತಿ ಇದೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಎರಡು ಕಡೆಯೂ ಒಂದೇ ಪಠ್ಯ, ಒಂದೇ ಪರೀಕ್ಷೆ. ಹಾಗಾಗಿ ಅಲ್ಲಿ ಯಾರೂ ವರ್ಷ ಹಾಳಾಯಿತು ಎನ್ನುವುದಿಲ್ಲ. ಅಂದರೆ ತೊಂದರೆ ಇರುವುದು ಮಗು ಹೋಗುವುದರಲ್ಲಿ ಅಲ್ಲ, ಅದರ ವರ್ಷವನ್ನು ನಮ್ಮ ಕಚೇರಿಗಳು ಎಣಿಸದಿರುವುದರಲ್ಲಿ. ನಮ್ಮ ಶಾಲೆಯಂಥ ಸರ್ಕಾರಿ ಹೈಸ್ಕೂಲುಗಳು ಒಂದು ವರ್ಷ ಬೇಡ, ಒಂದು ತಿಂಗಳ ಮಟ್ಟಿಗೆ ಬೀದರಿನದೋ ಕಾಸರಗೋಡಿನದೋ ಒಂದು ಕನ್ನಡ ಶಾಲೆಯ ಜೊತೆ ಐದು ಮಕ್ಕಳನ್ನು ಅದಲು ಬದಲು ಮಾಡಬಾರದೇಕೆ? ಖರ್ಚು ಬಸ್ ಚಾರ್ಜು. ಪಠ್ಯದ ತೊಡಕು ಬೀದರಿಗಂತೂ ಇಲ್ಲ. ಹಳೆಯ ವಿದ್ಯಾರ್ಥಿಗಳ ಸಂಘ ಹೊಸ ಕಮಾನು ಕಟ್ಟಿಸಲು ಹಣ ಕೂಡಿಸುತ್ತಿದೆ ಎಂದು ಕೇಳಿದೆ. ಕಮಾನು ಇರಲಿ. ಆದರೆ ಅದರಲ್ಲಿ ಸ್ವಲ್ಪ ಇದಕ್ಕೂ ತೆಗೆದಿಡಿ ಎಂದು ನನ್ನ ಕೋರಿಕೆ. ನಾನು ನನ್ನ ಪಾಲಿಗೆ ಮೊದಲ ವರ್ಷದ ಬಸ್ ಚಾರ್ಜು ಕೊಡುತ್ತೇನೆ.

ಬರುವ ಮಕ್ಕಳು ಇರುವುದಕ್ಕೆ ಮನೆಗಳು ಬೇಕು. ದೊಡ್ಡ ಮನೆಯೇ ಆಗಬೇಕಿಲ್ಲ. ನಿರೂಪಕರು ಸಮಯ ಮೀರಿತು ಎಂದು ಎರಡನೇ ಚೀಟಿ ಕಳಿಸಿದ್ದಾರೆ. ಊಟದ ಪೆಂಡಾಲಿನ ಬಾಗಿಲಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ, ಒಂದು ತಿಂಗಳು ಒಂದು ಮಗುವನ್ನು ಇಟ್ಟುಕೊಳ್ಳಬಲ್ಲವರು ಅದರಲ್ಲಿ ಹೆಸರು ಬರೆಯಿರಿ. ಮೊದಲ ಹೆಸರು ನಮ್ಮವ್ವ ಬೆಳಿಗ್ಗೆಯೇ ಬರೆಸಿದ್ದಾಳೆ.